ಯಾರಿಗೂ ಕೇಳದ ಟೈರಿನ ಸದ್ದು

ಹುಮನಾಬಾದಿನ ದಾಲ್ ಮಿಲ್ಲಿನ ಕಸ್ತೂರಿಬಾಯಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ತೊಗರಿಯಲ್ಲಿ ಹಸಿ ಇದ್ದರೆ ಸಿಟ್ಟು, ಚಹಾ ಆರಿದರೆ ಸಿಟ್ಟು, ಮಾತಿನ ನಡುವೆ ಮೊಬೈಲ್ ಒತ್ತುತ್ತ ಕೂತವರನ್ನು ಕಂಡರಂತೂ ಮೈಯೆಲ್ಲ ಉರಿ. ಆದರೆ ಅವೆಲ್ಲ ಬಂದ ಹಾಗೆ ಹೋಗುವ ಸಿಟ್ಟುಗಳು. ಎಂಟು ತಿಂಗಳಿಂದ ಅವಳ ಹೊಟ್ಟೆಯೊಳಗೆ ಗಟ್ಟಿಯಾಗಿ ಕೂತಿದ್ದ ಸಿಟ್ಟು ಬೇರೆಯೇ. ಅದಕ್ಕೆ ಕಾರಣ ಅವಳ ಬಿಳಿ ಗಾಡಿ.

ಗಂಡ ಬಕ್ಕಪ್ಪ ಬದುಕಿದ್ದಾಗಲೂ ಮಿಲ್ಲು ನಡೆಸಿದವಳು ಅವಳೇ, ಅವನು ಹೋದ ಮೇಲಂತೂ ಅವಳೊಬ್ಬಳೇ. ಮೂವತ್ತು ವರ್ಷ ಆ ಗದ್ದಲದಲ್ಲಿ ಕೂತವಳಿಗೆ ಅರವತ್ತರ ಹತ್ತಿರ ಒಂದೇ ಒಂದು ಆಸೆ ಹುಟ್ಟಿತ್ತು, ಸದ್ದಿಲ್ಲದ ಕಡೆ ಸ್ವಲ್ಪ ಹೊತ್ತು ಕೂಡಬೇಕು ಎಂದು. ಹೈದರಾಬಾದಿನ ಶೋರೂಮಿನಲ್ಲಿ ಆ ದೊಡ್ಡ ಎಸ್‌ಯುವಿಯ ಒಳಗೆ ಕೂತು ಬಾಗಿಲು ಎಳೆದುಕೊಂಡಾಗ ಹೊರಗಿನ ರಸ್ತೆಯೇ ಇಲ್ಲವಾಗಿತ್ತು. ಮೈಲೇಜು ಕೇಳಲಿಲ್ಲ, ಸೀಟಿನ ಚರ್ಮ ಮುಟ್ಟಿ ನೋಡಲಿಲ್ಲ. "ಇದ ಬೇಕು" ಎಂದಳು. 2023ರ ದಸರೆಗೆ ಗಾಡಿ ಮನೆ ಮುಂದೆ ಬಂದು ನಿಂತಿತು. ಅದಾದ ಒಂದು ವರ್ಷ ಅವಳು ಸುಖಪಟ್ಟದ್ದು ಆ ಗಾಡಿಯಲ್ಲೇ.

ಮರುವರ್ಷದ ದೀಪಾವಳಿ ಮುಗಿದದ್ದೇ ಸದ್ದು ಶುರುವಾಯಿತು. ಊರೊಳಗೆ ಓಡಾಡುವಾಗ ಏನೂ ಇಲ್ಲ. ಹೆದ್ದಾರಿಗೆ ಬಂದು ವೇಗದ ಮುಳ್ಳು ಅರವತ್ತು ದಾಟಿತೆಂದರೆ ಕೆಳಗಿನಿಂದ ಗುಂಯ್ಯೆಂದು ಎದ್ದು, ಎಂಬತ್ತಕ್ಕೆ ಹಲ್ಲಿನವರೆಗೂ ಬರುತ್ತಿತ್ತು. ಎಲ್ಲೋ ದೂರದಲ್ಲಿ ಹಿಟ್ಟಿನ ಗಿರಣಿ ತಿರುಗಿದ ಹಾಗೆ. ಗಿರಣಿಯಿಂದ ತಪ್ಪಿಸಿಕೊಳ್ಳಲೆಂದೇ ಗಾಡಿ ಕೊಂಡವಳಿಗೆ ಗಾಡಿಯಲ್ಲೇ ಗಿರಣಿ.

"ಗುರುಶಾಂತ, ಗಾಡಿಯೊಳಗ ಆವಾಜ್ ಬರಾಕತ್ತದ. ಬೇರಿಂಗ್ ಹೋಗ್ಯಾದ, ತೋರಿಸು" ಎಂದು ಅವತ್ತೇ ಮಗನಿಗೆ ಹೇಳಿದಳು.

"ಯಾವ ಆವಾಜ್ ಅವ್ವ? ನನಗೇನೂ ಕೇಳಸವಲ್ದು."

ಸೊಸೆ ರೂಪಾಲಿಯನ್ನು ಕೂರಿಸಿಕೊಂಡು ಹೋದಳು. "ಇಲ್ರಿ ಅತ್ತಿ, ಏನೂ ಇಲ್ಲ" ಎಂದು ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಗಾಡಿ ಹೊಡೆಯುವ ಕಪಿಲನನ್ನು ಕೇಳಿದಳು. "ಗಾಡಿ ಮಖ್ಖನ್ ಇದ್ದಂಗ ನುಣ್ಣಗ ಓಡ್ತದ ರೀ ಅಕ್ಕಾರ" ಎಂದ ಅವನು ಹಾಡಿನ ದನಿ ಇನ್ನಷ್ಟು ಏರಿಸಿದ. ಒಬ್ಬರಲ್ಲ ಇಬ್ಬರಲ್ಲ, ಮೂವರೂ ಇಲ್ಲ ಎಂದರೆ ಮನುಷ್ಯ ಏನು ಮಾಡಬೇಕು? ಶೋರೂಮಿಗೆ ಒಯ್ದು ತೋರಿಸಿಕೊಂಡು ಬಂದೆ, ಎಲ್ಲ ಸರಿಯಾಗಿದೆ ಅಂದರು ಎಂದೂ ಮಗ ಹೇಳಿದ. ಅವಳು ಮತ್ತೆ ಕೇಳಿದಳು, ಅವನು ಮತ್ತೆ ಇಲ್ಲ ಎಂದ. ತಿಂಗಳುಗಟ್ಟಲೆ ಇದೇ ಜಗಳ ನಡೆದು ಕೊನೆಗೊಂದು ದಿನ ಗುರುಶಾಂತ ತಟ್ಟೆ ಸರಿಸಿ ಎದ್ದು ನಿಂತ.

"ಅವ್ವ, ಆವಾಜ್ ಗಾಡಿಯೊಳಗಿಲ್ಲ. ನಿನ್ನ ಕಿವಿಯೊಳಗದ."

ಬೇರೆ ಯಾರಿಗಾದರೂ ಈ ಮಾತು ಹೇಳಿದ್ದರೆ ಬೇಸರಪಟ್ಟು ಸುಮ್ಮನಾಗುತ್ತಿದ್ದರು. ಕಸ್ತೂರಿಬಾಯಿಗೆ ಹೇಳಬಾರದಿತ್ತು. ಆ ಮಿಲ್ಲು ನಿಂತದ್ದೇ ಅವಳ ಕಿವಿಯ ಮೇಲೆ. ದಿನಾ ಬೆಳಿಗ್ಗೆ ಮಷೀನುಗಳು ಚಾಲೂ ಆದ ಮೇಲೆ ಒಂದು ಬೇವಿನ ಕೋಲು ಹಿಡಿದು ಸುತ್ತು ಹಾಕುತ್ತಿದ್ದಳು. ಕೋಲಿನ ಒಂದು ತುದಿ ಬೇರಿಂಗಿನ ಮೇಲೆ, ಇನ್ನೊಂದು ತುದಿ ಕಿವಿಯ ಹತ್ತಿರ. ಯಾವುದು ಒಣಗಿದೆ, ಯಾವುದು ಸವೆದಿದೆ, ಯಾವುದು ಇನ್ನೆರಡು ದಿನ ನಡೆದೀತು ಎಂದು ಹೇಳಿಬಿಡುತ್ತಿದ್ದಳು. ಕೆಲಸದವರು ಇದಕ್ಕೆ ಅಕ್ಕ ನಾಡಿ ನೋಡುವುದು ಎನ್ನುತ್ತಿದ್ದರು. ಸುತ್ತು ಮುಗಿಸಿ ಮಾಲಕರು ಕೂಡುವ ಗದ್ದಿಯ ಮೇಲೆ ಕೂತ ಮೇಲೂ ಅವಳ ಕಿವಿ ಮಷೀನಿನ ಮೇಲೇ. ಅವಳು ಕೈ ಎತ್ತಿದರೆ ಮಿಲ್ಲು ನಿಲ್ಲಬೇಕು, ಅದು ಅಲ್ಲಿನ ಕಾಯಿದೆ. ಆ ಕೈ ಒಮ್ಮೆಯೂ ಸುಳ್ಳೇ ಎದ್ದಿರಲಿಲ್ಲ.

ಗುರುಶಾಂತ ಅವಳನ್ನು ಕಲಬುರಗಿಯ ಕಿವಿ ಡಾಕ್ಟರ ಹತ್ತಿರ ಕರೆದೊಯ್ದ. ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿಗೆ ಏನೇನೋ ಹಚ್ಚಿ ಪರೀಕ್ಷೆ ಮಾಡಿದರು. ಡಾಕ್ಟರ ಜೊತೆ ಮಾತಾಡಲು ಒಳಗೆ ಹೋದವನು ಮಗನೊಬ್ಬನೇ. ಹೊರಗೆ ಬಂದು, "ವಯಸ್ಸಾದವರಿಗೆ ಹಿಂಗ ಆಗ್ತದಂತ ಅವ್ವ. ಇಲ್ಲದ ಆವಾಜ್ ಕೇಳಸ್ತದಂತ. ಇದಕ್ಕ ಔಷಧ ಇಲ್ಲ" ಎಂದ. ಹೇಳುವಾಗ ತಾಯಿಯ ಭುಜದ ಮೇಲೆ ಮೆತ್ತಗೆ ಕೈ ಇಟ್ಟಿದ್ದ.

ಅವತ್ತಿನಿಂದ ಅವಳು ಅರ್ಧ ಆದಳು. ಬೇವಿನ ಕೋಲು ಮೂಲೆ ಸೇರಿತು. ಗದ್ದಿಯ ಮೇಲೆ ಕೂತಿದ್ದಾಗ ಏನಾದರೂ ಕೇಳಿಸಿದರೆ ಮೊದಲು ತನ್ನನ್ನೇ ಅನುಮಾನಿಸತೊಡಗಿದಳು. ಲಾತೂರಿನ ವ್ಯಾಪಾರಿಗಳು ಬಂದಾಗ ಗುರುಶಾಂತ ನಗುತ್ತ, "ಅವ್ವಗ ಈಗ ಇಲ್ಲದ್ದೆಲ್ಲ ಕೇಳಸ್ತದ ರೀ" ಎಂದ. ಅವರೂ ನಕ್ಕರು. ಎದ್ದು ಹೋಗಿ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೆ ಅವನು ಹೇಳಿದ್ದು ನಿಜವಿದ್ದರೆ?

ಮರುದಿನವೇ ಅನಾಹುತವಾಯಿತು. ಬೆಳಿಗ್ಗೆ ಎರಡನೇ ಎಲಿವೇಟರಿನ ಬುಡದಿಂದ ಸಣ್ಣಗೆ ಸೀಟಿ ಹೊಡೆದಂತೆ ಸದ್ದು ಬಂತು. ಬೇಳೆಯನ್ನು ಮೇಲಕ್ಕೆ ಸಾಗಿಸುವ ಮಷೀನು ಅದು. ಬೇರಿಂಗ್ ಒಣಗಿದಾಗ ಬರುವ ಸೀಟಿ, ಅವಳಿಗೆ ಅದು ಮನೆಯವರ ದನಿಯಷ್ಟು ಪರಿಚಯ. ಕಸ್ತೂರಿಬಾಯಿ ಕೈ ಎತ್ತಿದಳು. ಮಗ ಆಚೆ ವ್ಯಾಪಾರಿಗಳ ಜೊತೆ ನಿಂತಿದ್ದ. ನಿನ್ನೆಯ ನಗು ನೆನಪಾಯಿತು. ಎತ್ತಿದ ಕೈಯನ್ನು ಇಳಿಸಿದಳು. ಹತ್ತು ನಿಮಿಷವೂ ಆಗಿರಲಿಲ್ಲ, ಬೇರಿಂಗ್ ಜಾಮ್ ಆಗಿ ಮಷೀನು ತಿರುಗಿಸುವ ಪಟ್ಟಾ ಕಳಚಿ ಹಾರಿತು. ಬುಡದಲ್ಲಿ ಹೊಟ್ಟು ಬಳಿಯುತ್ತಿದ್ದ ಮುನ್ನಿ ಬೀಯ ಬಲಗೈಯ ಎರಡು ಬೆರಳು ಹೋದವು. ಹದಿನೆಂಟು ವರ್ಷದಿಂದ ಆ ಮಿಲ್ಲಿನಲ್ಲಿ ದುಡಿದ ಕೈ.

ಸೀಟಿ ಕೇಳಿಸಿತ್ತೆಂದು ಕಸ್ತೂರಿಬಾಯಿ ಯಾರಿಗೂ ಹೇಳಲಿಲ್ಲ. ನಿಜವಾಗಿ ಕೇಳಿಸಿತ್ತೋ, ಕಿವಿಯ ಆಟವೋ, ಕಾಕತಾಳೀಯವೋ, ಅವಳಿಗೇ ಖಾತ್ರಿಯಿರಲಿಲ್ಲ. ವಾರ ಕಳೆದ ಮೇಲೆ ಗುರುಶಾಂತ ಕಾಗದ ತಂದು ಮುಂದಿಟ್ಟ. ಮಿಲ್ಲು ತನ್ನ ಹೆಸರಿಗೆ ಆಗಬೇಕು, ಅವ್ವ ಇನ್ನು ಮನೆಯಲ್ಲಿ ಆರಾಮವಾಗಿರಬೇಕು. ಸೋಮವಾರ ಸಹಿ. ಆಗಲಿ ಎಂದಳು. ತನ್ನ ಕಿವಿಯನ್ನೇ ನಂಬಲಾಗದವಳು ಗದ್ದಿಯ ಮೇಲೆ ಯಾವ ಮುಖ ಇಟ್ಟುಕೊಂಡು ಕೂಡಬೇಕು? ಆದರೂ ಸಹಿ ಹಾಕುವ ಮೊದಲು ಒಂದು ಮಾತು ಗಟ್ಟಿಯಾಗಬೇಕಿತ್ತು. ಸದ್ದು ಗಾಡಿಯಲ್ಲಿದೆಯೋ, ತನ್ನ ಕಿವಿಯಲ್ಲಿದೆಯೋ?

ಶುಕ್ರವಾರ ಬೆಳಿಗ್ಗೆ, ನಾರಾಯಣಪುರದ ಗುಡಿಗೆ ಹೋಗಿ ಬರುತ್ತೇನೆಂದು ಹೇಳಿ ಗಾಡಿ ಹತ್ತಿದಳು. ಬಸವಕಲ್ಯಾಣ ಬರುತ್ತಲೇ, "ಆಟೋ ನಗರಕ್ಕ ಹೊಳ್ಳಿಸು" ಎಂದಳು.

ಕಪಿಲ ಗಲಿಬಿಲಿಗೊಂಡ. "ಅಲ್ಲೆಲ್ಲಾ ಲಾರಿ ಮಂದಿ ರೀ ಅಕ್ಕಾರ. ಇಂಥಾ ಗಾಡಿ ಅವರಿಗೆ ತಿಳಿಯಂಗಿಲ್ಲ. ಸಾವಕಾರ್ರಿಗೆ ಗೊತ್ತಾದ್ರ ಬೈತಾರ."

"ಸಾವಕಾರ ಯಾರು?"

ಕಪಿಲ ಗಾಡಿ ತಿರುಗಿಸಿದ.

ಆಟೋ ನಗರದಲ್ಲಿ ವಜೀರನ ಅಂಗಡಿ ಎಂದರೆ ಒಂದು ತಗಡಿನ ಚಪ್ಪರ, ಸುತ್ತ ಲಾರಿಯ ಗಾಲಿಗಳ ರಾಶಿ. ಮಿಲ್ಲಿನ ಲಾರಿಗಳ ಗಾಲಿ ಕೆಲಸ ಮೊದಲಿಂದ ಅವನದೇ. ಕೈ ಒರೆಸಿಕೊಂಡು ಎದ್ದು ಬಂದ.

"ಬರ್ರಿ ಅಕ್ಕಾರ. ನೀವ ಖುದ್ದು ಬಂದ್ರಿ?"

"ಗಾಡಿಯೊಳಗ ಬೇರಿಂಗ್ ಹೋಗ್ಯಾದ ಅಂತೀನಿ ನಾನು. ಆವಾಜ್ ಇಲ್ಲ ಅಂತಾರ ಎಲ್ಲಾರೂ. ನೀನೂ ಇಲ್ಲ ಅನ್ನೋದಿದ್ರ ಈಗ ಅಂದುಬಿಡು. ಬಿಸಿಲಾಗ ನಿಂದ್ರಸಬ್ಯಾಡ."

ವಜೀರ್ ಕಪಿಲನ ಕೈಯಿಂದ ಕೀಲಿ ಇಸಿದುಕೊಂಡ. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹೆದ್ದಾರಿಗೆ ಒಯ್ದ. ಅರವತ್ತು ದಾಟಿತು. ಗುಂಯ್. ಅವನು ಸ್ಟೇರಿಂಗನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸಣ್ಣಗೆ ಹೊರಳಿಸಿ ನೋಡಿದ. ಮುಖದಲ್ಲಿ ಏನೂ ಕಾಣಲಿಲ್ಲ. ಅವನಿಗೂ ಕೇಳುತ್ತಿಲ್ಲ ಎಂದುಕೊಂಡಳು ಕಸ್ತೂರಿಬಾಯಿ. ಕೇಳಲು ಧೈರ್ಯ ಬಾರದೆ ಸೆರಗಿನ ತುದಿ ಹಿಡಿದು ಕೂತಳು. ಅಂಗಡಿಗೆ ಮರಳಿ ಗಾಡಿ ನಿಲ್ಲಿಸಿದ ಮೇಲೆ ಅವನು ಅವಳತ್ತ ತಿರುಗಿದ.

"ಇಷ್ಟು ದೊಡ್ಡ ಆವಾಜ್ ಇಟ್ಕೊಂಡು ಹ್ಯಾಂಗ ತಿರುಗಾಡಾಕತ್ತೀರಿ ಅಕ್ಕಾರ? ನನಗ ಹತ್ತು ನಿಮಿಷಕ್ಕ ತಲಿ ಹಿಡೀತು."

ಕಸ್ತೂರಿಬಾಯಿಯ ಕಣ್ಣು ತುಂಬಿ ಬಂತು. ಆ ನೀರನ್ನು ಅವನು ನೋಡಿದ್ದಕ್ಕೆ ಅವನ ಮೇಲೂ ಸಿಟ್ಟು ಬಂತು. "ಮತ್ತ ಬೇರಿಂಗ್ ಬದಲು ಮಾಡು, ನೋಡ್ಕೋತ ಕುಂತೀಯಲ್ಲ" ಎಂದು ಗದರಿದಳು.

"ಬೇರಿಂಗ್ ಅಲ್ಲರಿ ಅದು."

ಅವಳು ಒಪ್ಪಲಿಲ್ಲ. ಜಾಕ್ ಹಚ್ಚಿ ಗಾಲಿ ಎತ್ತಿಸಿ, ಮೂಲೆಯಲ್ಲಿದ್ದ ಮುರಿದ ಹಿಡಿಕೆಯ ಕಟ್ಟಿಗೆಯೊಂದನ್ನು ಕೇಳಿ ಪಡೆದು, ಬಗ್ಗಿ ಗಾಲಿಯ ಒಳಬದಿಗೆ ತಾನೇ ಆನಿಸಿ ಕೇಳಿದಳು. ವಜೀರ್ ಗಾಲಿ ತಿರುಗಿಸಿದ. ಒಂದಾದ ಮೇಲೊಂದು ನಾಲ್ಕೂ. ಒಳಗೆ ಬೇರಿಂಗು ಎಣ್ಣೆಯಲ್ಲಿ ತಿರುಗಿದ ಹಾಗೆ ನುಣ್ಣಗಿತ್ತು. ಸದ್ದಿದೆ ಎನ್ನುವಲ್ಲಿ ಅವಳ ಕಿವಿ ತಪ್ಪಿರಲಿಲ್ಲ, ಎಲ್ಲಿಂದ ಎನ್ನುವಲ್ಲಿ ತಪ್ಪಿತ್ತು. ಮಿಲ್ಲಿನಲ್ಲಿ ಸದ್ದೆಂದರೆ ಬೇರಿಂಗು, ಅದಕ್ಕೇ ಇಲ್ಲೂ ಅದೇ ಅಂದುಕೊಂಡಿದ್ದಳು. ಕಟ್ಟಿಗೆಯನ್ನು ಕೆಳಗೆ ಎಸೆದಳು.

"ಕೈ ತರ್ರಿ ಇಲ್ಲಿ" ಎಂದ ವಜೀರ್. "ಟೈರ್ ಮ್ಯಾಗ ಹಿಂಗ ಸವರ್ರಿ. ಈಗ ಉಲ್ಟಾ ಸವರ್ರಿ."

ಒಂದು ಕಡೆಗೆ ಸವರಿದರೆ ನುಣುಪು. ಮರಳಿ ಸವರಿದರೆ ಗರಗಸದ ಹಲ್ಲಿನ ಹಾಗೆ ಅಂಗೈಗೆ ಕಚ್ಚಿತು.

"ಡೊಂಕು ಸವೆದಾವ ರೀ. ಅಲೈನ್‌ಮೆಂಟ್ ತಪ್ಪಿದ ಗಾಡಿ ಮ್ಯಾಗ ಭಾಳ ಓಡ್ಯಾವ. ಒಂದೊಂದು ಹಲ್ಲೂ ರೋಡಿಗೆ ಬಡೀತದ, ಅದ ಆವಾಜ್. ಆದ್ರ ನಿಮ್ಮ ಗಾಡಿ ಅಲೈನ್‌ಮೆಂಟ್ ತಪ್ಪಿಲ್ಲ, ಕೈ ಬಿಟ್ರೂ ಸೀದಾ ಹೋಗ್ತದ. ಅದಕ್ಕ ನನಗ ಸಂಶಯ." ಅವನು ಒದ್ದೆ ಚಿಂದಿಯಿಂದ ಟೈರಿನ ಬದಿಗೆ ಹಚ್ಚಿದ್ದ ಕಪ್ಪು ಪಾಲಿಶ್ ತಿಕ್ಕಿದ. ಕೆಳಗೆ ನಾಲ್ಕು ಅಂಕಿಗಳು ಎದ್ದು ಕಂಡವು. 1418. "ಗಾಡಿ ಯಾವಾಗ ತಗೊಂಡ್ರಿ?"

"ಇಪ್ಪತ್ಮೂರರ ದಸರಾಕ್ಕ. ಹೊಸಾದು."

"ಇವು ಹದಿನೆಂಟನೇ ಸಾಲಿನವು. ಹದಿನಾಲ್ಕನೇ ವಾರದಾಗ ತಯಾರಾದವು. ನಾಲ್ಕೂ ಅವ. ಹೊಸಾ ಗಾಡಿಗೆ ಐದು ವರ್ಷ ಹಳೇ ಟೈರ್ ಯಾವ ಕಂಪನಿಯೂ ಹಾಕಂಗಿಲ್ಲ ಅಕ್ಕಾರ. ಯಾರೋ ನಿಮ್ಮವು ತಗೊಂಡು ತಮ್ಮವು ಹಾಕ್ಯಾರ."

ಕಸ್ತೂರಿಬಾಯಿ ನಿಧಾನಕ್ಕೆ ಕಪಿಲನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ.

"ಬೊಗಳು" ಎಂದಳು.

ಬೊಗಳಿದ. ದೀಪಾವಳಿಯ ಹೊತ್ತಿಗೆ ಗುರುಶಾಂತ ತನಗೂ ಒಂದು ಅಂಥದ್ದೇ ಗಾಡಿಯನ್ನು, ಅದೇ ಬಿಳಿ ಬಣ್ಣದ್ದನ್ನು, ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ. ಅದರ ಟೈರು ವಿಪರೀತ ಕೂಗುತ್ತಿದ್ದವು. ಅಕ್ಕಾರು ಆಗ ಗಾಡಿ ಮನೆಯಲ್ಲೇ ಬಿಟ್ಟು ಬೇಮಳಖೇಡದ ತಂಗಿಯ ಮನೆಗೆ ಎಂಟು ದಿನ ಹೋಗಿದ್ದರು. ಅವ್ವ ಗುಡಿಗೂ ಮಠಕ್ಕೂ ಹೋಗಿ ಬರುವವಳು, ಅವಳಿಗೆ ಯಾವ ಟೈರಾದರೇನು ಎಂದು ನಾಲ್ಕನ್ನೂ ಅದಲು ಬದಲು ಮಾಡಿಸಿದ. ಆಮೇಲೆ ಅವಳು ಸದ್ದು ಎಂದಾಗ ಎಲ್ಲರೂ ಇಲ್ಲ ಎನ್ನಬೇಕೆಂದು ತಾಕೀತು ಮಾಡಿದ. ಹೆದ್ದಾರಿಗೆ ಬಂದಾಗ ಹಾಡಿನ ದನಿ ಏರಿಸಬೇಕು ಎಂದೂ ಹೇಳಿದ್ದ. ಶೋರೂಮಿಗೆ ಗಾಡಿ ಹೋಗಿರಲೇ ಇಲ್ಲ.

"ನನ್ನ ಅನ್ನದ ಪ್ರಶ್ನೆ ರೀ ಅಕ್ಕಾರ" ಎಂದ ಕಪಿಲ.

ಟೈರು ಕದ್ದದ್ದಕ್ಕೆ ಅವಳಿಗೆ ಅಷ್ಟೇನೂ ಅನ್ನಿಸಲಿಲ್ಲ. ಮಗ ತಾನೇ, ಬಂದು ಹೇಳಿದ್ದರೆ ಅವನ ಜನ್ಮ ಜಾಲಾಡಿ ಮರುದಿನ ಮರೆಯುತ್ತಿದ್ದಳು. ಆದರೆ ಒಂದು ಸಣ್ಣ ಸುಳ್ಳು ಮುಚ್ಚಲು ಹೋದವನಿಗೆ ದಾರಿಯಲ್ಲಿ ಲಾಭ ಕಂಡಿತ್ತು. ಅವ್ವನ ಕಿವಿ ಕೆಟ್ಟರೆ ಮಿಲ್ಲು ತನ್ನದು. ಹಾಗೆಂದುಕೊಂಡೇ ಡಾಕ್ಟರ ಹತ್ತಿರ ಕರೆದೊಯ್ದ, ಭುಜದ ಮೇಲೆ ಕೈ ಇಟ್ಟ, ವ್ಯಾಪಾರಿಗಳ ಮುಂದೆ ನಕ್ಕ. ಇಷ್ಟು ದಿನ ಅವಳ ಕಿವಿಗೆ ಹೂ ಇಟ್ಟು ಕುಣಿಸಿದ. ಮತ್ತು ಮುನ್ನಿಯ ಬೆರಳು. ಅದು ನೆನಪಾದದ್ದೇ ಕಸ್ತೂರಿಬಾಯಿಗೆ ಮೈಮೇಲೆ ಕೆಂಡ ಸುರಿದಂತಾಯಿತು.

"ಈ ಅಳತಿ ಟೈರ್ ನನ್ನ ಕಡೆ ಇಲ್ಲ. ಹೈದರಾಬಾದಿಂದ ಎರಡು ದಿನದಾಗ ತರಸ್ತೀನಿ" ಎಂದ ವಜೀರ್.

"ಬ್ಯಾಡ. ಇವತ್ತು ಇವೇ ಇರ್ಲಿ."

ಹುಮನಾಬಾದಿಗೆ ಬಂದವಳು ಮೊದಲು ಮುನ್ನಿ ಬೀಯ ಮನೆಗೆ ಹೋದಳು. ಅವತ್ತು ಅವಳ ಕೈಯ ಪಟ್ಟಿ ಬದಲಿಸುವ ದಿನ. ದವಾಖಾನೆಗೆ ಬಿಡುತ್ತೇನೆ ಎಂದು ಹಿಂದಿನ ಸೀಟಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡಳು. ಅಲ್ಲಿಂದ ಮಿಲ್ಲಿಗೆ. ಕಪಿಲನನ್ನು ಇಳಿಸಿ ಗುರುಶಾಂತನನ್ನು ಕರೆಸಿ, "ಗಾಡಿ ನೀ ಹೊಡಿ" ಎಂದಳು. ಅವನು ತಾಯಿಯ ಮುಖ ನೋಡಿ, ಏನೋ ಆಗಿದೆಯೆಂದು ತಿಳಿದು, ಸ್ಟೇರಿಂಗ್ ಹಿಂದೆ ಕೂತ. ಊರು ಬಿಟ್ಟು ಹೆದ್ದಾರಿ ಹತ್ತಿಸಿದಳು. ಹಾಡಿನ ಗುಂಡಿಗೆ ಅವನ ಕೈ ಹೋಯಿತು.

"ಕೈ ತಗಿ. ಜೋರು ಹೊಡಿ."

ಅರವತ್ತು. ಎಪ್ಪತ್ತು. ಗುಂಯ್ಯೆಂಬ ಸದ್ದು ಸೀಟಿನ ಕೆಳಗಿನಿಂದ ಎದ್ದು ಗಾಡಿ ತುಂಬಿತು.

"ಕೇಳಾಕತ್ತದೇನು?"

ಗುರುಶಾಂತ ರಸ್ತೆಯನ್ನೇ ನೋಡುತ್ತ ಗಾಡಿ ಹೊಡೆದ.

"ಆಟೋ ನಗರದಾಗ ವಜೀರ್ ಟೈರಿನ ನಂಬರ್ ಓದಿ ಹೇಳ್ಯಾನ. ಕಪಿಲನೂ ಬಾಯಿ ಬಿಟ್ಟಾನ. ಈಗ ನೀ ಹೇಳು, ಕೇಳಾಕತ್ತದೇನು?"

"ಅವ್ವ, ಮುನ್ನಿ ಮುಂದ ಯಾಕ ಇದೆಲ್ಲಾ. ಮನಿಗೆ ಹೋಗಿ ಮಾತಾಡೋಣು."

"ಮುನ್ನಿ ಮುಂದನ ಹೇಳ್ಬೇಕು."

ಎಂಬತ್ತಾಯಿತು. ಗುರುಶಾಂತನ ಕುತ್ತಿಗೆ ಬೆವರಿತ್ತು. "ಕೇಳಾಕತ್ತದ" ಎಂದ.

"ಯಾವಾಗಿಂದ?"

"ದೀಪಾವಳಿಯಿಂದ."

"ಡಾಕ್ಟರ್ ಏನಂದಿದ್ದ?"

ಗುರುಶಾಂತ ಕನ್ನಡಿಯಲ್ಲಿ ತಾಯಿಯ ಮುಖ ನೋಡಿದ. "ಕಿವಿ ಛಲೋ ಅದ ಅಂದಿದ್ದ. ಈ ವಯಸ್ಸಿಗೆ ಇಂಥಾ ಕಿವಿ ಅಪರೂಪ ಅಂದಿದ್ದ."

"ಸೋಮವಾರ ಸಹಿ ಇಲ್ಲ" ಎಂದಳು ಕಸ್ತೂರಿಬಾಯಿ. "ಗದ್ದಿ ಮ್ಯಾಗ ನಾನ ಕೂಡ್ತೀನಿ. ನೀ ನಾಳಿಂದ ಪಟ್ಟಾ ಕೆಳಗ ಹೊಟ್ಟು ಬಳಿ." ಆಮೇಲೆ ಮುನ್ನಿ ಬೀಯ ಕಡೆ ತಿರುಗಿದಳು. "ಕೇಳಿದೇನು ಮುನ್ನಿ? ಆ ದಿನ ನನಗ ಸೀಟಿ ಕೇಳಿಸಿತ್ತು. ಕೈ ಎತ್ತಿದ್ದೆ. ನನ್ನ ಕಿವಿ ಕೆಟ್ಟದ ಅಂತ ಇಂವ ನನಗ ನಂಬಿಸಿದ್ದ, ಅದಕ್ಕ ಇಳಿಸಿದೆ. ನಿನ್ನ ಬೆರಳು ತಿಂದಾಂವ ಇಂವ. ಏನ್ ಬೈತಿ ಬೈ. ನಾ ಅಡ್ಡ ಬರಂಗಿಲ್ಲ."

ಮುನ್ನಿ ಬೀ ಮುಂದೆ ಕೂತಿದ್ದವನ ಕಡೆ ನೋಡಲೂ ಇಲ್ಲ. ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ನನಗೂ ಕೇಳಿಸಿತ್ತು ಅಕ್ಕಾ" ಎಂದಳು.

"ಏನು?"

"ಸೀಟಿ. ಬಾಜೂಕನ ಇದ್ದೆ ನಾನು, ನನಗ ಕೇಳಸಂಗಿಲ್ಲೇನು? ಕೈ ಹಿಂದ ತಗೊಂಡು ನಿಮ್ಮ ಕಡೆ ನೋಡ್ದೆ. ನೀವು ಕೈ ಎತ್ತಿದ್ರಿ. ಮತ್ತ ಇಳಿಸಿದ್ರಿ. ಅಕ್ಕಗ ಗೊತ್ತಿರ್ತದ, ಏನೂ ಇಲ್ಲ ಅಂದ್ಕೊಂಡು ಮತ್ತ ಕೈ ಹಾಕ್ದೆ."

ಕಸ್ತೂರಿಬಾಯಿ ಬಾಯಿ ತೆರೆದಳು. ಎಂಟು ತಿಂಗಳಿಂದ ಕೂಡಿಟ್ಟ ಬೈಗುಳ ನಾಲಗೆಯ ತುದಿಯಲ್ಲೇ ಇತ್ತು, ಮಗ ಕೈಗೆಟುಕುವಷ್ಟು ಹತ್ತಿರ ಕೂತಿದ್ದ. ಆದರೆ ಬೈಯಲು ಹೋದರೆ ಎಲ್ಲ ಮಾತೂ ತನ್ನ ಹೆಸರಿಗೇ ಬರುತ್ತಿತ್ತು. ಅವನು ಸುಳ್ಳು ಹೇಳಿದ್ದ, ನಿಜ. ಎತ್ತಿದ ಕೈ ಇಳಿಸಿದ್ದು ಮಾತ್ರ ಅವಳೇ.

ಗಾಡಿ ಎಂಬತ್ತರಲ್ಲೇ ಓಡುತ್ತಿತ್ತು. ಮೂವರಿಗೂ ಕೇಳುವ ಹಾಗೆ ಟೈರು ಕೂಗುತ್ತಿದ್ದವು.

"ಅಕ್ಕಾ" ಎಂದಳು ಮುನ್ನಿ ಬೀ, "ದವಾಖಾನಿ ಊರಾಗ ಉಳೀತು. ಹನ್ನೆರಡಕ್ಕ ಡಾಕ್ಟರ್ ಹೋಗ್ತಾರ. ಪಟ್ಟಿ ಬದಲಿ ಮಾಡಸ್ಬೇಕು."